ಸಮರ್ಥ ತಂತ್ರಾಂಶಗಳು ಬಳಕೆಗೆ ಬರಲು ಇಷ್ಟು ತಡವೇಕೆ? – ಓದುಗರ ಪ್ರಶ್ನೆಗಳಿಗೆ ಉತ್ತರ

ಬಲ್ಲವರೆಲ್ಲ ಮೆಚ್ಚಿಕೊಂಡರೂ ಕೆಲವರಷ್ಟೇ ಬಳಸುವ ತಂತ್ರಜ್ಞಾನಗಳ ಬಗ್ಗೆ ಈ ಬಾರಿ ಹಲವು ಪತ್ರಗಳು ಬಂದಿವೆ. ಅವುಗಳಲ್ಲಿ ಆರನ್ನು ಆರಿಸಿ, ಒಂದರ ಉತ್ತರ ಮುಂದಿನದಕ್ಕೆ ದಾರಿಯಾಗುವಂತೆ ಜೋಡಿಸಿಕೊಂಡಿದ್ದೇನೆ.

ಪ್ರಶ್ನೆ: ನಾನು ಜಾಲ ನಿರ್ವಹಣೆಯ ಕೆಲಸದಲ್ಲಿದ್ದೇನೆ. ಯಂತ್ರಗಳಿಗೆ ಇಂಟರ್ನೆಟ್ ವಿಳಾಸ ಕೊಟ್ಟು ಅವುಗಳ ನಡುವೆ ಸಂವಹನ ನಡೆಸುವ ಹೊಸ ನಿಯಮಾವಳಿಯಾದ ಐಪಿವಿ6 ರೂಪುಗೊಂಡು ಸುಮಾರು ಮೂರು ದಶಕಗಳಾದವು. ಇಂಟರ್ನೆಟ್ ವಿಳಾಸಗಳ ಕೊರತೆಯನ್ನು ಅದು ನೀಗಿಸುತ್ತದೆ ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ಆದರೂ ಹಳೆಯ ಐಪಿವಿ4 ಇನ್ನೂ ಎಲ್ಲೆಡೆ ನಡೆಯುತ್ತಿದೆ. ಉತ್ತಮವೆಂದು ಒಪ್ಪಿಕೊಂಡ ಮೇಲೂ ಒಂದು ತಂತ್ರಜ್ಞಾನ ಹರಡಲು ಹೀಗೆ ಹೆಣಗುವುದು ಅದರ ಜಟಿಲತೆಯಿಂದಲೇ?

ಉತ್ತರ: ಜಟಿಲತೆಗೂ ಇದರಲ್ಲಿ ಪಾಲಿದೆ, ಆದರೆ ಅದನ್ನೇ ಮೂಲ ಕಾರಣವೆಂದು ನಾನು ಒಪ್ಪುವುದಿಲ್ಲ. ಒಂದು ತಂತ್ರಜ್ಞಾನ ಎಷ್ಟು ಜಟಿಲವಾಗಿದೆ ಎಂಬುದಕ್ಕಿಂತ, ಆ ಜಟಿಲತೆಯ ಹೊರೆಯನ್ನು ಹೊರುವವರು ಯಾರು, ಹೊತ್ತವರ ಕೈಗೆ ಅದರ ಫಲ ಯಾವಾಗ ಸೇರುತ್ತದೆ ಎಂಬ ಎರಡು ಸಂಗತಿಗಳೇ ಅದರ ಹಣೆಬರಹವನ್ನು ಬರೆಯುತ್ತವೆ. ಹೊರೆ ಇಂದೇ ಹೊರಬೇಕಾಗಿ, ಫಲ ಮುಂದೆಂದೋ ಬೇರೆಯವರಿಗೆ ಸಿಗುವಂತಿದ್ದರೆ, ತಂತ್ರಜ್ಞಾನ ಎಷ್ಟೇ ಸಮರ್ಥವಾಗಿದ್ದರೂ ಜನ ಮೆಚ್ಚಿ ದೂರ ನಿಲ್ಲುತ್ತಾರೆ. ನೀವು ಹೇಳಿದ ಐಪಿವಿ6 ಇದಕ್ಕೆ ಅತ್ಯಂತ ಸ್ಪಷ್ಟವಾದ ಉದಾಹರಣೆಯಾದ್ದರಿಂದ ಅದನ್ನು ಸ್ವಲ್ಪ ವಿವರವಾಗಿಯೇ ನೋಡೋಣ.

ಐಪಿವಿ4ರ ವಿಳಾಸ 32 ಬಿಟ್‌ಗಳದ್ದು. ಅದರಿಂದ ಸುಮಾರು 430 ಕೋಟಿ ವಿಳಾಸಗಳನ್ನಷ್ಟೇ ರಚಿಸಬಹುದು. 1981ರಲ್ಲಿ ಅದರ ವಿವರಣೆ ಪ್ರಕಟವಾದಾಗ ಈ ಸಂಖ್ಯೆ ಧಾರಾಳವಾಗಿತ್ತು. ತೊಂಬತ್ತರ ದಶಕದ ಆರಂಭಕ್ಕೆ ಇದು ಸಾಲದೆಂಬುದು ಮನದಟ್ಟಾಗಿ, 1995ರ ಡಿಸೆಂಬರ್‌ನಲ್ಲಿ 128 ಬಿಟ್‌ಗಳ ವಿಳಾಸವುಳ್ಳ ಐಪಿವಿ6ರ ಮೊದಲ ವಿವರಣೆ ಹೊರಬಂತು. ಆದರೆ ಹೊಸ ಪ್ರೋಟೊಕಾಲ್, ಅಂದರೆ ಸಂವಹನದ ನಿಯಮಾವಳಿ, ಹಳೆಯದರ ಮೇಲೆ ಕಟ್ಟಿದ ಮಹಡಿಯಾಗಿರಲಿಲ್ಲ, ಪಕ್ಕದಲ್ಲಿ ಎಬ್ಬಿಸಿದ ಬೇರೆಯೇ ಕಟ್ಟಡವಾಗಿತ್ತು. ಐಪಿವಿ6 ಮಾತ್ರ ಬಲ್ಲ ಯಂತ್ರ, ನಡುವೆ ಅನುವಾದದ ವ್ಯವಸ್ಥೆಯಿಲ್ಲದೆ, ಐಪಿವಿ4 ಮಾತ್ರ ಬಲ್ಲ ಯಂತ್ರದೊಂದಿಗೆ ಸಂವಹನ ನಡೆಸಲಾರದು. ಹಾಗಾಗಿ ಮೊದಲು ಬದಲಾಯಿಸಿಕೊಳ್ಳುವ ಸಂಸ್ಥೆ ಹಳೆಯದನ್ನು ಕೈಬಿಡುವಂತಿಲ್ಲ. ಎರಡನ್ನೂ ಒಟ್ಟಿಗೆ ನಡೆಸಬೇಕು. ಎರಡು ಬಗೆಯ ವಿಳಾಸ ಯೋಜನೆ, ಫೈರ್‌ವಾಲ್‌ಗಳಲ್ಲಿ ಎರಡು ಬಗೆಯ ನಿಯಮಾವಳಿ, ತೊಂದರೆ ಬಂದಾಗ ಎರಡು ದಾರಿಗಳಲ್ಲೂ ಹುಡುಕಾಟ, ಇವೆಲ್ಲ ಆ ಸಂಸ್ಥೆಯ ತಲೆಗೇ ಬರುತ್ತವೆ. ಇಷ್ಟು ಮಾಡಿದ ಮೇಲೂ ಅದರ ಬಳಕೆದಾರರಿಗೆ ನಿನ್ನೆ ಸಿಗದ ಯಾವ ಜಾಲತಾಣವೂ ಇಂದು ಹೊಸದಾಗಿ ಸಿಗುವುದಿಲ್ಲ, ಏಕೆಂದರೆ ಐಪಿವಿ6ರಲ್ಲಿ ಮಾತ್ರ ದೊರೆಯುವ, ಜನರಿಗೆ ಬೇಕಾದ ತಾಣಗಳೇ ಇರಲಿಲ್ಲ. ಎಲ್ಲರೂ ಬದಲಾದ ಮೇಲಷ್ಟೇ ಲಾಭ ಕಾಣುವ ಕಡೆ, ಮೊದಲು ಬದಲಾದವರಿಗೆ ದಕ್ಕುವುದು ಖರ್ಚು ಮಾತ್ರ.

ಇದರ ಜೊತೆಗೆ, ಒಂದು ತಾತ್ಕಾಲಿಕ ಪರಿಹಾರ ಆಗಲೇ ಕೈಯಲ್ಲಿತ್ತು. ನ್ಯಾಟ್ ಎಂಬ ವಿಳಾಸ ಪರಿವರ್ತನೆಯ ವಿಧಾನವನ್ನು 1994ರಲ್ಲೇ ವಿವರಿಸಲಾಗಿತ್ತು. ಅದರಿಂದ ಒಂದೇ ಸಾರ್ವಜನಿಕ ವಿಳಾಸದ ಹಿಂದೆ ನೂರಾರು ಯಂತ್ರಗಳು ಅಡಗಿ ಕೆಲಸ ಮಾಡಬಹುದು. ವಿನ್ಯಾಸದ ದೃಷ್ಟಿಯಿಂದ ಅದು ಇಂಟರ್ನೆಟ್‌ನ ಮೂಲ ತತ್ವಕ್ಕೆ ಪೆಟ್ಟು ಕೊಟ್ಟಿತು. ಎರಡು ಯಂತ್ರಗಳು ನೇರವಾಗಿ ಸಂಪರ್ಕಿಸುವ ಸಾಧ್ಯತೆ ಕುಗ್ಗಿ, ಧ್ವನಿ ಕರೆ, ಕಡತ ಹಂಚಿಕೆಯಂಥ ತಂತ್ರಾಂಶಗಳು ಸುತ್ತುದಾರಿ ಹಿಡಿಯಬೇಕಾಯಿತು. ಆದರೆ ನ್ಯಾಟ್ ಅಳವಡಿಸಿಕೊಂಡವನಿಗೆ ಅದರ ಫಲ ಅದೇ ದಿನ ದಕ್ಕುತ್ತಿತ್ತು, ಅದಕ್ಕಾಗಿ ಅವನು ಬೇರೆ ಯಾರ ಒಪ್ಪಿಗೆಗೂ ಕಾಯಬೇಕಿರಲಿಲ್ಲ. ಹೊಸ ತಂತ್ರಜ್ಞಾನಕ್ಕೆ ನಿಜವಾದ ಎದುರಾಳಿ ಹಳೆಯ ವ್ಯವಸ್ಥೆಯ ದೋಷಗಳಲ್ಲ, ಆ ದೋಷಗಳನ್ನು ಇನ್ನಷ್ಟು ವರ್ಷ ಸಹಿಸಿಕೊಳ್ಳಲು ನೆರವಾಗುವ ಇಂಥ ತೇಪೆಗಳು. ಹೊಸದನ್ನು ರೂಪಿಸುವವರು ಈ ತೇಪೆಗಳನ್ನು ತುಚ್ಛವಾಗಿ ಕಂಡು ಲೆಕ್ಕಕ್ಕೆ ತೆಗೆದುಕೊಳ್ಳದೇ ಹೋಗುವುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಪರಿಸ್ಥಿತಿ ಬದಲಾಗತೊಡಗಿದ್ದು ಲೆಕ್ಕಾಚಾರ ಬದಲಾದಾಗ. 2011ರ ಫೆಬ್ರುವರಿಯಲ್ಲಿ ಐಪಿವಿ4 ವಿಳಾಸಗಳ ಕೇಂದ್ರ ದಾಸ್ತಾನು ಬರಿದಾಯಿತು. ಲಕ್ಷಗಟ್ಟಲೆ ಹೊಸ ಫೋನುಗಳನ್ನು ಜಾಲಕ್ಕೆ ಸೇರಿಸುತ್ತಿದ್ದ ಮೊಬೈಲ್ ಸಂಸ್ಥೆಗಳಿಗೆ ನ್ಯಾಟ್‌ನ ಯಂತ್ರಗಳನ್ನು ಹೆಚ್ಚಿಸುತ್ತ ಹೋಗುವುದೇ ದುಬಾರಿಯಾಯಿತು. 2012ರ ಜೂನ್ 6ರಂದು ದೊಡ್ಡ ಜಾಲತಾಣಗಳೂ ಸೇವಾ ಸಂಸ್ಥೆಗಳೂ ಒಟ್ಟಾಗಿ ಐಪಿವಿ6ನ್ನು ಶಾಶ್ವತವಾಗಿ ಚಾಲನೆಗೆ ತಂದವು. ಐಪಿವಿ6 ಸಂಪರ್ಕ ಕೆಟ್ಟಿದ್ದರೆ ಪುಟ ತೆರೆಯಲು ವಿಳಂಬವಾಗುತ್ತಿದ್ದ ತೊಂದರೆಯನ್ನು, ಎರಡೂ ದಾರಿಗಳನ್ನು ಬಹುತೇಕ ಏಕಕಾಲಕ್ಕೆ ಪ್ರಯತ್ನಿಸಿ ಮೊದಲು ಓಗೊಟ್ಟದ್ದನ್ನು ಹಿಡಿಯುವ ಉಪಾಯದಿಂದ ಬ್ರೌಸರ್‌ಗಳು ಬಗೆಹರಿಸಿದವು. ಗೂಗಲ್ ತನ್ನ ಬಳಕೆದಾರರ ಬಗ್ಗೆ ಪ್ರಕಟಿಸುವ ಅಂಕಿಗಳಲ್ಲಿ ಐಪಿವಿ6ರ ಪಾಲು ಈಗ ಶೇಕಡಾ 40ನ್ನು ದಾಟಿದೆ. ಈ ಅವಧಿಯಲ್ಲಿ ಐಪಿವಿ6 ಹೇಳಿಕೊಳ್ಳುವಷ್ಟು ಸರಳವೇನೂ ಆಗಿಲ್ಲ. ಅದನ್ನು ಅಳವಡಿಸದೇ ಇರುವುದರ ಬೆಲೆ ಏರಿದೆ, ಅಷ್ಟೇ.

ಇದಕ್ಕೆ ತದ್ವಿರುದ್ಧವಾದ ಕಥೆ ಯುಟಿಎಫ್-8ರದ್ದು. ಜಗತ್ತಿನ ಎಲ್ಲ ಲಿಪಿಗಳನ್ನೂ ಒಂದೇ ಸಂಕೇತ ಪದ್ಧತಿಯಲ್ಲಿ ಬರೆಯುವ ಸಮಸ್ಯೆ ವಿಳಾಸಗಳ ಸಮಸ್ಯೆಗಿಂತ ಸುಲಭದ್ದೇನಲ್ಲ. ಪ್ರತಿ ಅಕ್ಷರಕ್ಕೂ 16 ಬಿಟ್ ಕೊಡುವ ಮಾರ್ಗ ಹಿಡಿದವರು ಇದ್ದಬದ್ದ ತಂತ್ರಾಂಶಗಳನ್ನೆಲ್ಲ ತಿದ್ದಬೇಕಾಗುತ್ತಿತ್ತು. 1992ರ ಸೆಪ್ಟೆಂಬರ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಬೆಲ್ ಲ್ಯಾಬ್ಸ್‌ನ ಪ್ಲಾನ್ 9 ಕಾರ್ಯಾಚರಣ ವ್ಯವಸ್ಥೆಗಾಗಿ ರೂಪಿಸಿದ ಯುಟಿಎಫ್-8ರಲ್ಲಿ ಮೊದಲ 128 ಸಂಕೇತಗಳು ಇಂಗ್ಲಿಷ್ ಅಕ್ಷರಗಳ ಹಳೆಯ ಸಂಕೇತ ಪದ್ಧತಿಯಾದ ಆಸ್ಕಿಯಲ್ಲಿದ್ದಂತೆಯೇ ಒಂದೊಂದು ಬೈಟ್‌ನಲ್ಲಿ ಉಳಿದವು. ಕನ್ನಡದಂಥ ಲಿಪಿಗಳ ಸಂಕೇತಗಳು ಮೂರು ಮೂರು ಬೈಟ್‌ಗಳಲ್ಲಿ ಕುಳಿತವು. ಹೀಗಾಗಿ ಆಗಲೇ ಇದ್ದ ಪ್ರತಿಯೊಂದು ಆಸ್ಕಿ ಕಡತವೂ ಒಂದು ಬೈಟ್ ಕೂಡ ಬದಲಾಗದೆ ಯುಟಿಎಫ್-8 ಕಡತವಾಗಿಬಿಟ್ಟಿತು. ಬದಲಾಯಿಸಿಕೊಂಡವನು ಏನನ್ನೂ ಕಳೆದುಕೊಳ್ಳಲಿಲ್ಲ, ಬದಲಾಯಿಸದವನೊಂದಿಗಿನ ವ್ಯವಹಾರವೂ ಕಡಿಯಲಿಲ್ಲ. ಪ್ಲಾನ್ 9 ವ್ಯಾಪಕ ಬಳಕೆಗೆ ಬರಲೇ ಇಲ್ಲ. ಅದಕ್ಕಾಗಿ ಹುಟ್ಟಿದ ಈ ಪದ್ಧತಿ ಮಾತ್ರ ಇಂದು ಬಹುತೇಕ ಎಲ್ಲ ಜಾಲಪುಟಗಳ ಆಧಾರವಾಗಿದೆ.

ಎಲ್ಲರೂ ಒಂದೇ ದಿನ ಬದಲಾಗುವಂತೆ ಆಜ್ಞೆ ಮಾಡುವ ಅಧಿಕಾರ ಇದ್ದರೆ ಈ ತೊಡಕು ಉಳಿಯುವುದಿಲ್ಲ. 1983ರ ಜನವರಿ 1ರಂದು ಇಂಟರ್ನೆಟ್‌ನ ಪೂರ್ವಜಾಲವಾದ ಅರ್ಪಾನೆಟ್ ತನ್ನ ಹಳೆಯ ಪ್ರೋಟೊಕಾಲನ್ನು ಬಿಟ್ಟು ಟಿಸಿಪಿ/ಐಪಿಗೆ ಬದಲಾದದ್ದು ಹಾಗೆಯೇ. ಆಗ ಜಾಲದಲ್ಲಿದ್ದದ್ದು ಕೆಲವು ನೂರು ಯಂತ್ರಗಳು, ಜಾಲದ ಹಿಂದೆ ಇದ್ದದ್ದು ಅಮೆರಿಕದ ರಕ್ಷಣಾ ಇಲಾಖೆ. ಇಂದಿನ ಇಂಟರ್ನೆಟ್‌ಗೆ ಅಂಥ ಒಡೆಯನಿಲ್ಲ.

ಪ್ರಶ್ನೆ: ನಾನು ಕಂಪ್ಯೂಟರ್ ವಿಜ್ಞಾನದ ವಿದ್ಯಾರ್ಥಿನಿ. ಲಿಸ್ಪ್, ಹ್ಯಾಸ್ಕೆಲ್‌ನಂಥ ಪ್ರೋಗ್ರಾಮಿಂಗ್ ಭಾಷೆಗಳು ಎಷ್ಟು ಶಕ್ತಿಶಾಲಿ ಎಂಬುದನ್ನು ನಮಗೆ ಕಲಿಸುತ್ತಾರೆ. ಉದ್ಯೋಗದ ಜಾಹೀರಾತುಗಳಲ್ಲಿ ಮಾತ್ರ ಅವುಗಳ ಹೆಸರೇ ಕಾಣುವುದಿಲ್ಲ. ಹಾಗಾದರೆ ಆ ಭಾಷೆಗಳು ಸೋತವೇ?

ಉತ್ತರ: ಭಾಷೆಯಾಗಿ ಅವು ಹರಡಲಿಲ್ಲ, ನಿಜ, ವಿಚಾರವಾಗಿ ಅವು ಸೋಲಲಿಲ್ಲ. ಜಾನ್ ಮೆಕಾರ್ಥಿ 1958ರಲ್ಲಿ ಲಿಸ್ಪ್‌ನ ಕೆಲಸ ಆರಂಭಿಸಿದರು. ಬಳಕೆ ಮುಗಿದ ಮೆಮೊರಿಯನ್ನು ತಾನಾಗಿ ಮರಳಿ ಪಡೆಯುವ ಗಾರ್ಬೇಜ್ ಕಲೆಕ್ಷನ್ ಆ ಭಾಷೆಯ ಜೊತೆಗೇ ಹುಟ್ಟಿತು. ಅದು ಸಾಮಾನ್ಯ ಪ್ರೋಗ್ರಾಮರ್‌ಗಳ ಕೈಗೆ ದೊಡ್ಡ ಪ್ರಮಾಣದಲ್ಲಿ ಬಂದದ್ದು 1995ರಲ್ಲಿ ಬಿಡುಗಡೆಯಾದ ಜಾವಾದ ಮೂಲಕ. ಅನಾಮಿಕ ಫಂಕ್ಷನ್‌ಗಳನ್ನು ಸಲೀಸಾಗಿ ಬರೆಯುವ ಲ್ಯಾಂಬ್ಡಾ ಸೌಲಭ್ಯವನ್ನು ಜಾವಾ 2014ರಲ್ಲಿ ಪಡೆಯಿತು. 1990ರಲ್ಲಿ ಮೊದಲ ರೂಪ ಕಂಡ ಹ್ಯಾಸ್ಕೆಲ್‌ನ ಟೈಪ್ ವ್ಯವಸ್ಥೆಯ (ಪ್ರತಿ ದತ್ತಾಂಶ ಯಾವ ಬಗೆಯದೆಂದು ಗುರುತಿಸಿ ತಪ್ಪು ಹಿಡಿಯುವ ಏರ್ಪಾಡಿನ) ಹಲವು ಚಿಂತನೆಗಳನ್ನು ರಸ್ಟ್‌ನಂಥ ಹೊಸ ಭಾಷೆಗಳಲ್ಲಿ ಗುರುತಿಸಬಹುದು. ಇಡೀ ವ್ಯವಸ್ಥೆಯನ್ನು ಒಪ್ಪದ ಜಗತ್ತು ಅದರ ಒಂದೊಂದೇ ಭಾಗವನ್ನು, ಪರಿಚಿತ ಭಾಷೆಯ ಉಡುಪಿನಲ್ಲಿ, ದಶಕಗಳ ಅಂತರದಲ್ಲಿ ಬರಮಾಡಿಕೊಂಡಿದೆ.

ಇಡಿಯಾಗಿ ಒಪ್ಪಿಕೊಳ್ಳುವುದು ಏಕೆ ಕಷ್ಟವೆಂದರೆ, ಆ ಭಾಷೆಗಳಲ್ಲಿ ಕಲಿಕೆಯ ಕಷ್ಟವೆಲ್ಲ ಆರಂಭದಲ್ಲೇ ಎದುರಾಗುತ್ತದೆ. ಹ್ಯಾಸ್ಕೆಲ್‌ನಲ್ಲಿ ಪರದೆಯ ಮೇಲೆ ಒಂದು ಸಾಲು ಮುದ್ರಿಸುವುದು ಸುಲಭ; ಆದರೆ ಅದು ಹೇಗೆ ನಡೆಯಿತೆಂದು ಕೇಳಿದ ಮರುಕ್ಷಣವೇ ಅಮೂರ್ತ ಪರಿಕಲ್ಪನೆಗಳ ಕಾಡು ಎದುರಾಗುತ್ತದೆ. ಆ ಭಾಷೆಯ ನಿಜವಾದ ಲಾಭ, ಅಂದರೆ ದೊಡ್ಡ ಪ್ರೋಗ್ರಾಮನ್ನು ಧೈರ್ಯದಿಂದ ತಿದ್ದುವ ಶಕ್ತಿ, ಕಾಣಿಸುವುದು ಪ್ರೋಗ್ರಾಮ್ ದೊಡ್ಡದಾದ ಮೇಲೆ. ಅಲ್ಲಿಯವರೆಗೆ ಕಾಯುವ ವ್ಯವಧಾನ ಯಾವ ತಂಡಕ್ಕಿದೆ? ಭಾಷೆಯೊಂದನ್ನು ಆರಿಸುವಾಗ ತಂಡ ಅದರ ವ್ಯಾಕರಣವನ್ನಷ್ಟೇ ಆರಿಸುವುದಿಲ್ಲ. ಸಿದ್ಧ ಲೈಬ್ರರಿಗಳು, ದೋಷ ಹುಡುಕುವ ಸಲಕರಣೆಗಳು, ನಾಳೆ ಒಬ್ಬರು ಕೆಲಸ ಬಿಟ್ಟರೆ ಆ ಜಾಗಕ್ಕೆ ಬರಬಲ್ಲ ಇನ್ನೊಬ್ಬರು, ಇವನ್ನೆಲ್ಲ ಒಟ್ಟಿಗೆ ಆರಿಸುತ್ತದೆ. ಬಳಸುವವರು ಕಡಿಮೆ ಇರುವುದರಿಂದ ಸಲಕರಣೆ ಬೆಳೆಯುವುದಿಲ್ಲ, ಸಲಕರಣೆ ಇಲ್ಲದ್ದರಿಂದ ಬಳಸುವವರು ಬರುವುದಿಲ್ಲ.

ಈ ವರ್ತುಲವನ್ನು ಮುರಿದ ಭಾಷೆಗಳೂ ಇವೆ. ಮೈಕ್ರೋಸಾಫ್ಟ್ 2012ರಲ್ಲಿ ಹೊರತಂದ ಟೈಪ್‌ಸ್ಕ್ರಿಪ್ಟ್, ಜಾಲಪುಟಗಳ ಭಾಷೆಯಾದ ಜಾವಾಸ್ಕ್ರಿಪ್ಟ್‌ನ ಮೇಲೆಯೇ ಟೈಪ್‌ಗಳನ್ನು ಸೇರಿಸಿತು. ಹಳೆಯ ಪ್ರೋಗ್ರಾಮಿನ ಒಂದು ಕಡತಕ್ಕೆ ಮಾತ್ರ ಟೈಪ್ ಬರೆದು, ಉಳಿದದ್ದನ್ನು ಇದ್ದಂತೆ ಬಿಟ್ಟು, ಅದರ ಲಾಭವನ್ನು ಅಂದೇ ಪರೀಕ್ಷಿಸಬಹುದಿತ್ತು; ಬೇಡವೆನಿಸಿದರೆ ಟೈಪ್‌ಗಳನ್ನು ಅಳಿಸಿದಾಗ ಉಳಿಯುವುದು ಮಾಮೂಲಿ ಜಾವಾಸ್ಕ್ರಿಪ್ಟ್. ಅದರ ಟೈಪ್ ವ್ಯವಸ್ಥೆಯಲ್ಲಿ ಬೇಕೆಂದೇ ಬಿಟ್ಟ ಸಡಿಲುಗಳಿವೆ. ಶುದ್ಧತೆಯನ್ನು ಬಯಸುವವರು ಅವುಗಳನ್ನು ಆಕ್ಷೇಪಿಸುವುದುಂಟು, ಆದರೆ ಆ ಸಡಿಲುಗಳಿಲ್ಲದಿದ್ದರೆ ಅಪಾರ ಪ್ರಮಾಣದ ಹಳೆಯ ಜಾವಾಸ್ಕ್ರಿಪ್ಟ್‌ಗೆ ಅದು ಹೊಂದಿಕೊಳ್ಳುತ್ತಿರಲಿಲ್ಲ.

2015ರ ಮೇ ತಿಂಗಳಲ್ಲಿ 1.0 ಆವೃತ್ತಿ ತಲುಪಿದ ರಸ್ಟ್ ಖಂಡಿತವಾಗಿಯೂ ಸುಲಭವಲ್ಲ. ದತ್ತಾಂಶದ ಒಡೆತನ ಯಾವ ಕ್ಷಣದಲ್ಲಿ ಯಾರದೆಂದು ಪ್ರೋಗ್ರಾಮರ್ ಸ್ಪಷ್ಟಪಡಿಸಬೇಕು. ಇಲ್ಲದಿದ್ದರೆ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ಅನುವಾದಿಸುವ ಕಂಪೈಲರ್ ಮುಂದೆ ಬಿಡುವುದಿಲ್ಲ. ಆದರೂ ಅದು ಬೇರೂರುತ್ತಿದೆ, ಏಕೆಂದರೆ ಮೆಮೊರಿ ದೋಷಗಳಿಂದ ಹುಟ್ಟುವ ಭದ್ರತಾ ಲೋಪಗಳ ಬೆಲೆಯನ್ನು ಸಂಸ್ಥೆಗಳು ಆಗಲೇ ತೆರುತ್ತಿದ್ದವು. ಆಂಡ್ರಾಯ್ಡ್ ತಂಡ ಹಳೆಯ ಸಿ++ ಪ್ರೋಗ್ರಾಮುಗಳನ್ನೆಲ್ಲ ತಿರುಗಿ ಬರೆಯುವ ಸಾಹಸಕ್ಕೆ ಹೋಗದೆ, ಹೊಸದಾಗಿ ಬರೆಯುವ ಭಾಗಗಳನ್ನು ಮೆಮೊರಿ ಸುರಕ್ಷಿತ ಭಾಷೆಗಳಲ್ಲಿ ಬರೆಯುವುದಕ್ಕೆ ಒತ್ತು ಕೊಟ್ಟಿತು. ಗೂಗಲ್ ನೀಡಿದ ಮಾಹಿತಿಯಂತೆ, 2019ರಲ್ಲಿ ಆಂಡ್ರಾಯ್ಡ್‌ನ ಭದ್ರತಾ ಲೋಪಗಳಲ್ಲಿ ಶೇಕಡಾ 76ರಷ್ಟಿದ್ದ ಮೆಮೊರಿ ಸಂಬಂಧಿ ಲೋಪಗಳ ಪಾಲು 2024ಕ್ಕೆ ಶೇಕಡಾ 24ಕ್ಕೆ ಇಳಿಯಿತು. ಕಷ್ಟಪಟ್ಟು ಕಲಿತ ತಂಡಕ್ಕೇ ಫಲ ಸಿಕ್ಕಿತು, ಹಳೆಯದನ್ನು ಕೆಡವದೆಯೇ ಸಿಕ್ಕಿತು. ನೀವು ಹ್ಯಾಸ್ಕೆಲ್ ಕಲಿಯುವುದನ್ನು ನಿಲ್ಲಿಸಬೇಡಿ. ಮುಂದಿನ ದಶಕದಲ್ಲಿ ಜನಪ್ರಿಯ ಭಾಷೆಗಳಿಗೆ ಬರಲಿರುವ ಸೌಲಭ್ಯಗಳ ಪರಿಚಯ ನಿಮಗೆ ಈಗಲೇ ಆಗುತ್ತದೆ.

ಪ್ರಶ್ನೆ: ಇಮೇಲ್‌ಗಳನ್ನು ಗೂಢಲಿಪೀಕರಿಸುವ ಪಿಜಿಪಿ ಬಂದು ಎಷ್ಟೋ ವರ್ಷಗಳಾದವು. ಖಾಸಗಿತನದ ಬಗ್ಗೆ ಎಲ್ಲರೂ ಮಾತನಾಡುತ್ತಾರೆ, ಬಳಸುವವರು ಮಾತ್ರ ಇಲ್ಲ. ಜನರ ಸೋಮಾರಿತನವೇ ಇದಕ್ಕೆ ಕಾರಣವಲ್ಲವೇ?

ಉತ್ತರ: ಅಲ್ಲ. ಈ ಮಾತನ್ನು ನಾನು ಒತ್ತಿ ಹೇಳಬಯಸುತ್ತೇನೆ, ಏಕೆಂದರೆ ಬಳಕೆದಾರರನ್ನು ದೂರುವ ಅಭ್ಯಾಸ ತಂತ್ರಜ್ಞರಲ್ಲಿ ಆಳವಾಗಿದೆ ಮತ್ತು ಅದರಿಂದ ಅನೇಕ ಒಳ್ಳೆಯ ಕೆಲಸಗಳು ಹಾಳಾಗಿವೆ. ಫಿಲ್ ಝಿಮ್ಮರ್‌ಮನ್ 1991ರಲ್ಲಿ ಪಿಜಿಪಿಯನ್ನು ಬಿಡುಗಡೆ ಮಾಡಿದರು. 1999ರಲ್ಲಿ ಆಲ್ಮಾ ವಿಟನ್ ಮತ್ತು ಜೆ. ಡಿ. ಟೈಗರ್ ಅದರ ಆವೃತ್ತಿ 5.0ನ್ನು ಹನ್ನೆರಡು ಜನರ ಕೈಗೆ ಕೊಟ್ಟು ಪರೀಕ್ಷಿಸಿದರು. ಅವರೆಲ್ಲ ಇಮೇಲ್ ಬಳಸಿ ಅನುಭವವಿದ್ದವರು. 90 ನಿಮಿಷಗಳ ಅವಕಾಶವಿತ್ತು. ಮಾಡಬೇಕಾದದ್ದು ಒಂದು ಸಂದೇಶಕ್ಕೆ ಸಹಿ ಮಾಡಿ, ಗೂಢಲಿಪೀಕರಿಸಿ ಕಳುಹಿಸುವುದು. ಮೂರನೇ ಒಂದು ಭಾಗದಷ್ಟು ಜನರಿಗೆ ಮಾತ್ರ ಅದು ಸರಿಯಾಗಿ ಸಾಧ್ಯವಾಯಿತು. ಮೂವರು ರಹಸ್ಯ ಸಂದೇಶವನ್ನು ತಿಳಿಯದೆ ಬಯಲಾಗಿಯೇ ಕಳುಹಿಸಿಬಿಟ್ಟರು. ಆ ತಂತ್ರಾಂಶಕ್ಕೆ ಚಂದದ ಚಿತ್ರಾತ್ಮಕ ಪರದೆ ಇತ್ತು ಎಂಬುದನ್ನು ಇಲ್ಲಿ ಗಮನಿಸಬೇಕು. ತೊಂದರೆ ಗುಂಡಿಗಳ ಜೋಡಣೆಯಲ್ಲಿರಲಿಲ್ಲ. ಸಂದೇಶವನ್ನು ಮುಚ್ಚಲು ಇತರರಿಗೆ ಕೊಡುವ ಸಾರ್ವಜನಿಕ ಕೀಲಿ, ತೆರೆಯಲು ತಾನೇ ಇಟ್ಟುಕೊಳ್ಳುವ ಖಾಸಗಿ ಕೀಲಿ, ಸಹಿ, ನಂಬಿಕೆಯ ಮಟ್ಟ ಎಂಬ ಪರಿಕಲ್ಪನೆಗಳನ್ನು ಅರಗಿಸಿಕೊಂಡವರಿಗೆ ಮಾತ್ರ ಆ ಗುಂಡಿಗಳು ಅರ್ಥವಾಗುವಂತಿದ್ದವು. ಕೀಲಿಯನ್ನು ಹುಡುಕುವುದು, ಅದು ಆ ವ್ಯಕ್ತಿಯದೇ ಎಂದು ಖಚಿತಪಡಿಸಿಕೊಳ್ಳುವುದು, ತನ್ನ ಕೀಲಿಯನ್ನು ಕಳೆದುಕೊಳ್ಳದಂತೆ ಕಾಯುವುದು, ಕಳೆದರೆ ರದ್ದುಪಡಿಸುವುದು, ಎಲ್ಲವೂ ಬಳಕೆದಾರರ ಹೆಗಲ ಮೇಲಿದ್ದವು. ಪತ್ರ ಪಡೆಯುವವರೂ ಇಷ್ಟೆಲ್ಲ ಕಲಿಯದಿದ್ದರೆ ಕಳುಹಿಸುವವರ ಶ್ರಮ ವ್ಯರ್ಥವಾಗುತ್ತಿತ್ತು.

2016ರ ಏಪ್ರಿಲ್‌ನಲ್ಲಿ ವಾಟ್ಸ್‌ಆ್ಯಪ್ ತನ್ನ ನೂರು ಕೋಟಿಗೂ ಹೆಚ್ಚು ಬಳಕೆದಾರರ ಸಂದೇಶಗಳಿಗೆಲ್ಲ ಸಿಗ್ನಲ್ ಪ್ರೋಟೊಕಾಲ್ ಆಧರಿಸಿದ ಗೂಢಲಿಪೀಕರಣವನ್ನು ಅಳವಡಿಸಿ ಮುಗಿಸಿತು. ಗಣಿತದ ದೃಷ್ಟಿಯಿಂದ ಆ ಪ್ರೋಟೊಕಾಲ್ ಪಿಜಿಪಿಗಿಂತ ಸಂಕೀರ್ಣವಾದದ್ದು. ಸಂಭಾಷಣೆ ಸಾಗಿದಂತೆ ಸಂದೇಶ ಸಂದೇಶಕ್ಕೂ ಕೀಲಿ ಬದಲಾಗುತ್ತದೆ. ಬಳಕೆದಾರರು ಮಾತ್ರ ಏನನ್ನೂ ಕಲಿಯಬೇಕಾಗಲಿಲ್ಲ. ಇದಕ್ಕೊಂದು ಬೆಲೆಯಿದೆ: ಕೀಲಿಗಳ ಹಂಚಿಕೆಯಲ್ಲಿ ಸೇವಾ ಸಂಸ್ಥೆಯನ್ನು ನಂಬಬೇಕಾಗುತ್ತದೆ, ಮತ್ತು ಎದುರಿನವರ ಕೀಲಿಯನ್ನು ಹೋಲಿಸಿ ನೋಡುವ ಸೌಲಭ್ಯವಿದ್ದರೂ ಅದನ್ನು ಮುಟ್ಟದೇ ಬಿಡುವುದು ಬಲು ಸುಲಭ. ಪಿಜಿಪಿಯ ಬೆಂಬಲಿಗರು ಈ ಬಗ್ಗೆ ಎತ್ತುವ ಆಕ್ಷೇಪಗಳಲ್ಲಿ ಸತ್ಯವಿದೆ. ಹಾಗಿದ್ದರೂ, ಕೆಲವೇ ಪರಿಣತರಿಗೆ ದೊರೆಯುವ ಪರಿಪೂರ್ಣ ರಕ್ಷಣೆಗಿಂತ ನೂರು ಕೋಟಿ ಜನರಿಗೆ ಅವರು ಕೇಳದೆಯೇ ದೊರೆತ ರಕ್ಷಣೆ ದೊಡ್ಡದೆಂದು ನಾನು ನಂಬುತ್ತೇನೆ.

ಪ್ರಶ್ನೆ: ಜಟಿಲವಾದದ್ದು ಹರಡುವುದಿಲ್ಲ ಎನ್ನುವುದಾದರೆ ಪ್ರೋಗ್ರಾಮುಗಳ ಬದಲಾವಣೆಗಳ ದಾಖಲೆ ಇಡುವ ಗಿಟ್ ಮತ್ತು ಹಲವು ಸರ್ವರ್‌ಗಳಲ್ಲಿ ತಂತ್ರಾಂಶಗಳನ್ನು ನಡೆಸುವ ಕುಬರ್ನೆಟಿಸ್ ಹೇಗೆ ಗೆದ್ದವು? ಎರಡನ್ನೂ ಬಳಸುವ ನನಗೆ ಅವು ಸರಳವೆಂದು ಒಮ್ಮೆಯೂ ಅನ್ನಿಸಿಲ್ಲ.

ಉತ್ತರ: ನಿಮ್ಮ ಅನುಭವ ಸರಿಯಾಗಿಯೇ ಇದೆ, ಜಟಿಲತೆಯನ್ನೇ ಏಕೈಕ ಕಾರಣವೆಂದು ಹೇಳಲಾಗದು ಎಂಬುದಕ್ಕೆ ಇವೆರಡೂ ಸಾಕ್ಷಿ. ಹೊಸತೊಂದನ್ನು ಸಮಾಜ ಹೇಗೆ ಸ್ವೀಕರಿಸುತ್ತದೆ ಎಂಬುದನ್ನು ಅಧ್ಯಯನ ಮಾಡಿದ ಎವರೆಟ್ ರೋಜರ್ಸ್ 1962ರಷ್ಟು ಹಿಂದೆಯೇ ಐದು ಗುಣಗಳನ್ನು ಗುರುತಿಸಿದ್ದರು: ಹಳೆಯದಕ್ಕಿಂತ ಅದು ಎಷ್ಟು ಮೇಲು, ಇರುವ ರೂಢಿಗೆ ಎಷ್ಟು ಹೊಂದುತ್ತದೆ, ಎಷ್ಟು ಜಟಿಲ, ಸಣ್ಣದಾಗಿ ಪ್ರಯೋಗಿಸಿ ನೋಡಲು ಬರುತ್ತದೆಯೇ, ಅದರ ಫಲ ಇತರರ ಕಣ್ಣಿಗೆ ಬೀಳುತ್ತದೆಯೇ. ಜಟಿಲತೆ ಈ ಐದರಲ್ಲಿ ಒಂದು ಮಾತ್ರ; ಉಳಿದ ನಾಲ್ಕು ಬಲವಾಗಿದ್ದರೆ ಅದನ್ನು ಜನ ಸಹಿಸಿಕೊಳ್ಳುತ್ತಾರೆ.

ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನೆಲ್‌ನ ಬೆಳವಣಿಗೆಗೆ ಬಳಸುತ್ತಿದ್ದ, ಗಿಟ್‌ನಂಥದೇ ತಂತ್ರಾಂಶವಾದ ಬಿಟ್‌ಕೀಪರ್‌ನ ಉಚಿತ ಪರವಾನಗಿಯನ್ನು ಅದರ ಸಂಸ್ಥೆ 2005ರಲ್ಲಿ ಹಿಂದೆಗೆದುಕೊಂಡಾಗ ಲೈನಸ್ ಟೋರ್ವಾಲ್ಡ್ಸ್ ಗಿಟ್‌ನ ರಚನೆ ಆರಂಭಿಸಿದರು. ಕರ್ನೆಲ್‌ನಂಥ ದೊಡ್ಡ ಯೋಜನೆ ಮೊದಲ ದಿನದಿಂದಲೇ ಅದರ ಬಳಕೆದಾರನಾಗಿತ್ತು. ಇನ್ನೊಂದೆಡೆ, ಸರ್ವರ್ ಇಲ್ಲದೆ, ಯಾರ ಅನುಮತಿಯೂ ಇಲ್ಲದೆ, ಒಬ್ಬನೇ ತನ್ನ ಕಂಪ್ಯೂಟರಿನ ಒಂದು ಕಡತಕೋಶದಲ್ಲಿ ಅದನ್ನು ಆರಂಭಿಸಬಹುದಿತ್ತು, ನಾಲ್ಕೈದು ಆಜ್ಞೆಗಳನ್ನು ಕಲಿತರೆ ದಿನದ ಕೆಲಸ ಸಾಗುತ್ತಿತ್ತು. 2008ರಲ್ಲಿ ಗಿಟ್ ಯೋಜನೆಗಳನ್ನು ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್ ಬಂದ ಮೇಲೆ ಗಿಟ್ ಬಲ್ಲವರಿಗೆ ಜಗತ್ತಿನ ಮುಕ್ತ ತಂತ್ರಾಂಶಗಳಿಗೆ ಕೊಡುಗೆ ನೀಡುವ ಬಾಗಿಲು ತೆರೆಯಿತು. ಅವರ ಕೆಲಸ ಎಲ್ಲರಿಗೂ ಕಾಣುವಂತಾಯಿತು. ಅಷ್ಟು ದೊಡ್ಡ ಪ್ರತಿಫಲದ ಮುಂದೆ ಗೊಂದಲದ ಆಜ್ಞೆಗಳನ್ನು ಜನ ಕಲಿತುಕೊಂಡರು. ಕುಬರ್ನೆಟಿಸ್‌ನ ದಾರಿ ಬೇರೆ. ಗೂಗಲ್ 2014ರಲ್ಲಿ ಪ್ರಕಟಿಸಿದ ಈ ವ್ಯವಸ್ಥೆಯನ್ನು ಸ್ವಂತವಾಗಿ ನಡೆಸುವುದು ಇಂದಿಗೂ ಕಠಿಣ ಕೆಲಸ. ಆದರೆ ಕ್ಲೌಡ್ ಸಂಸ್ಥೆಗಳು ಆ ಹೊರೆಯನ್ನು ತಾವು ಹೊತ್ತು, ಅದನ್ನೇ ಸೇವೆಯಾಗಿ ಮಾರತೊಡಗಿದವು. ಇಷ್ಟಾದರೂ, ಒಂದೆರಡು ಸರ್ವರ್‌ಗಳಲ್ಲಿ ಮುಗಿಯುವ ಕೆಲಸಕ್ಕೆ ಕುಬರ್ನೆಟಿಸ್ ತಂದುಕೊಂಡು ಒದ್ದಾಡುವ ತಂಡಗಳು ಕಡಿಮೆಯಿಲ್ಲ. ಜಟಿಲ ತಂತ್ರಜ್ಞಾನ ಅಗತ್ಯವಿಲ್ಲದ ಕಡೆಗೂ ಹರಡುವುದು ಬೇರೆಯದೇ ಸಮಸ್ಯೆ, ಅದನ್ನೂ ಒಮ್ಮೆ ಚರ್ಚಿಸಬೇಕು.

ಪ್ರಶ್ನೆ: ವೆಬ್‌ನ ಜನಕ ಟಿಮ್ ಬರ್ನರ್ಸ್-ಲೀ ಹೇಳಿದ ಸೆಮ್ಯಾಂಟಿಕ್ ವೆಬ್ ಏನಾಯಿತು? ಯಂತ್ರಗಳೇ ಅರ್ಥಮಾಡಿಕೊಳ್ಳುವ ಜಾಲ ಬರುತ್ತದೆ ಎಂದು ಓದಿದ್ದೆ.

ಉತ್ತರ: ಜಾಲಪುಟಗಳ ಮಾಹಿತಿಗೆ ಯಂತ್ರಗಳು ತರ್ಕಿಸಬಲ್ಲ ರೂಪ ಕೊಡಬೇಕೆಂಬ ಆ ಕನಸನ್ನು 2001ರಲ್ಲಿ ಅವರು ವಿಸ್ತಾರವಾಗಿ ಮಂಡಿಸಿದ್ದರು. ಅದಕ್ಕೆ ಬೇಕಾದ, ಮಾಹಿತಿಯನ್ನು ವಿವರಿಸುವ ಆರ್‌ಡಿಎಫ್ 1999ರಲ್ಲೂ, ಪರಿಕಲ್ಪನೆಗಳ ಸಂಬಂಧಗಳನ್ನು ಹೇಳುವ ಓಡಬ್ಲ್ಯೂಎಲ್ 2004ರಲ್ಲೂ ಮಾನಕಗಳಾದವು. ಪುಟ ಬರೆಯುವವರು ಮಾತ್ರ ಬರಲಿಲ್ಲ. ತನ್ನ ಪುಟದ ಪ್ರತಿಯೊಂದು ಸಂಗತಿಗೂ ಖಚಿತವಾದ ಗುರುತು ಹಚ್ಚುವ ಶ್ರಮ ಬರೆಯುವವರದು. ಅದರ ಲಾಭ ಮುಂದೆಂದೋ ಯಾರೋ ಬರೆಯಬಹುದಾದ ತಂತ್ರಾಂಶದ್ದು. 2011ರಲ್ಲಿ ಗೂಗಲ್, ಮೈಕ್ರೋಸಾಫ್ಟ್ ಮತ್ತು ಯಾಹೂ ಸೇರಿ ಸ್ಕೀಮಾ.ಆರ್ಗ್ ಎಂಬ ಸರಳ ಪದಕೋಶವನ್ನು ಹೊರತಂದು, ಅದನ್ನು ಬಳಸಿದ ಪುಟಗಳನ್ನು ಹುಡುಕಾಟದ ಫಲಿತಾಂಶಗಳಲ್ಲಿ ಹೆಚ್ಚಿನ ವಿವರಗಳೊಂದಿಗೆ ತೋರಿಸತೊಡಗಿದ ಮೇಲೆ ಅದೇ ಜನ ಗುರುತು ಹಚ್ಚಲು ಮುಂದಾದರು. ಮೂಲ ಕನಸಿನ ತರ್ಕ ವ್ಯವಸ್ಥೆ ಅದರಲ್ಲಿ ಬಹಳ ತೆಳುವಾಗಿದೆ, ಆದರೆ ಅದು ಬಳಕೆಯಲ್ಲಿದೆ.

ಜಾಲದ ಭದ್ರತೆಯಲ್ಲೂ ಇದೇ ನಡೆದಿದೆ. ತಾಣದ ಹೆಸರಿನಿಂದ ಅದರ ಐಪಿ ವಿಳಾಸ ಹುಡುಕಿಕೊಡುವ ಡಿಎನ್ಎಸ್‌ನ ಮಾಹಿತಿಗೆ ಸಹಿ ಹಾಕುವ ವಿಧಾನ ಡಿಎನ್ಎಸ್‌ಸೆಕ್. ಡಿಎನ್ಎಸ್‌ನ ಮೂಲ ವಲಯಕ್ಕೆ 2010ರ ಜುಲೈನಲ್ಲೇ ಸಹಿ ಬಿದ್ದಿದ್ದರೂ ಈ ವಿಧಾನ ನಿಧಾನವಾಗಿ ತೆವಳುತ್ತಿದೆ. ಅಲ್ಲಿ ಒಂದು ತಪ್ಪಾದರೆ ಇಡೀ ತಾಣವೇ ಕಣ್ಮರೆಯಾಗಬಹುದು, ಸರಿಯಾಗಿದ್ದರೆ ಯಾರ ಗಮನಕ್ಕೂ ಬರುವುದಿಲ್ಲ. ತಾಣದೊಂದಿಗಿನ ಸಂಪರ್ಕವನ್ನು ಗೂಢಲಿಪೀಕರಿಸುವ ಎಚ್‌ಟಿಟಿಪಿಎಸ್‌ಗೂ ಹಿಂದೆ ತಾಣದ ಗುರುತನ್ನು ದೃಢಪಡಿಸುವ ಪ್ರಮಾಣಪತ್ರ ಕೊಳ್ಳುವ, ಕೈಯಾರೆ ನವೀಕರಿಸುವ ತಾಪತ್ರಯವಿತ್ತು. 2015ರ ಡಿಸೆಂಬರ್‌ನಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸೇವೆ ಸಾರ್ವಜನಿಕರಿಗೆ ತೆರೆದುಕೊಂಡು, 90 ದಿನಗಳ ಪ್ರಮಾಣಪತ್ರಗಳನ್ನು ಉಚಿತವಾಗಿ ಕೊಟ್ಟು, ನವೀಕರಣವನ್ನೂ ಯಂತ್ರಗಳಿಗೇ ವಹಿಸಿತು. 2018ರ ಜುಲೈನಿಂದ ಕ್ರೋಮ್ ಬ್ರೌಸರ್ ಎಚ್‌ಟಿಟಿಪಿಎಸ್ ಇಲ್ಲದ ತಾಣಗಳನ್ನೆಲ್ಲ ಸುರಕ್ಷಿತವಲ್ಲವೆಂದು ತೋರಿಸತೊಡಗಿತು. ಒಂದು ಕಡೆ ಹೊರೆ ಇಳಿಯಿತು, ಇನ್ನೊಂದು ಕಡೆ ಸುಮ್ಮನಿರುವುದರ ನಷ್ಟ ಕಣ್ಣಿಗೆ ಕಂಡಿತು.

ಪ್ರಶ್ನೆ: ನಾನು ಗೆಳೆಯರೊಂದಿಗೆ ಹೊಸ ಬಗೆಯ ಡೇಟಾಬೇಸ್ ಒಂದನ್ನು ರೂಪಿಸುತ್ತಿದ್ದೇನೆ. ಅದರ ಹಿಂದಿನ ಸಿದ್ಧಾಂತ ಗಟ್ಟಿಯಾಗಿದೆ, ಆದರೆ ನೋಡಿದವರೆಲ್ಲ ಕಷ್ಟವೆನ್ನುತ್ತಾರೆ. ಸಿದ್ಧಾಂತವನ್ನು ಕೈಬಿಟ್ಟು ಸರಳಗೊಳಿಸಬೇಕೇ?

ಉತ್ತರ: ಕೈಬಿಡುವ ಮೊದಲು, ಯಾವ ಕಷ್ಟ ಸಮಸ್ಯೆಯಿಂದಲೇ ಬಂದದ್ದು, ಯಾವುದು ನಿಮ್ಮ ರಚನೆಯಿಂದ ಬಂದದ್ದು ಎಂದು ಬೇರ್ಪಡಿಸಿ. ತಂತ್ರಾಂಶ ರಚನೆಯ ಪರಿಣತ ಫ್ರೆಡ್ ಬ್ರೂಕ್ಸ್ 1986ರಲ್ಲೇ ಈ ಎರಡರ ವ್ಯತ್ಯಾಸವನ್ನು ಸ್ಪಷ್ಟವಾಗಿ ತೋರಿಸಿದ್ದರು. ಎರಡು ಸ್ಥಳಗಳಲ್ಲಿರುವ ಪ್ರತಿಗಳು ಏಕಕಾಲಕ್ಕೆ ಬದಲಾದಾಗ ಯಾವುದು ಸರಿ ಎಂಬ ಪ್ರಶ್ನೆ ಸಮಸ್ಯೆಯದೇ; ಅದನ್ನು ಮುಚ್ಚಿಟ್ಟರೆ ಬಳಕೆದಾರರು ಮುಂದೊಂದು ದಿನ ದತ್ತಾಂಶ ಕಳೆದುಕೊಂಡು ಅದನ್ನು ಕಂಡುಕೊಳ್ಳುತ್ತಾರೆ. ಆದರೆ ಆರಂಭಿಸಲು ಹತ್ತು ಸಂರಚನಾ ಕಡತಗಳನ್ನು ತುಂಬಬೇಕಾಗಿರುವುದು, ದೋಷ ಬಂದಾಗ ಅರ್ಥವಾಗದ ಸಂಖ್ಯೆಯೊಂದು ಕಾಣುವುದು ನಿಮ್ಮ ರಚನೆಯ ಕಷ್ಟಗಳು, ಅವುಗಳನ್ನು ಸಮರ್ಥಿಸಿಕೊಳ್ಳಬೇಡಿ. ರಸ್ಟ್‌ನ ಕಂಪೈಲರ್ ತಪ್ಪು ಎಲ್ಲಿದೆ, ಏಕೆ ತಪ್ಪು, ಹೇಗೆ ತಿದ್ದಬಹುದು ಎಂದು ವಿವರಿಸುವ ರೀತಿಯನ್ನು ಒಮ್ಮೆ ಅಭ್ಯಾಸ ಮಾಡಿ. ಒಂದು ಕಠಿಣ ಭಾಷೆ ಕಲಿಯಬಲ್ಲದ್ದಾಗಿ ಉಳಿದಿರುವುದರಲ್ಲಿ ಆ ಸಂದೇಶಗಳ ಪಾತ್ರ ದೊಡ್ಡದು.

ಸಿದ್ಧಾಂತವನ್ನು ಉಳಿಸಿಕೊಂಡೇ ವ್ಯಾಪ್ತಿಯನ್ನು ಕಿರಿದುಗೊಳಿಸುವುದು ಇನ್ನೊಂದು ದಾರಿ. ಜನರ, ಯಂತ್ರಗಳ ವಿವರಗಳ ಪಟ್ಟಿ ಇಡುವ 1988ರ ಎಕ್ಸ್.500 ಡೈರೆಕ್ಟರಿ ಮಾನಕ ಬಹಳ ಭಾರವಾಗಿತ್ತು. ಅದನ್ನು ಸಾಮಾನ್ಯ ಕಂಪ್ಯೂಟರ್‌ಗಳಿಂದ ತಲುಪಲು 1993ರಲ್ಲಿ ಪ್ರಕಟವಾದ ಹಗುರವಾದ ಎಲ್‌ಡ್ಯಾಪ್ ಕೊನೆಗೆ ತಾನೇ ಮುಖ್ಯವಾಗಿ ನಿಂತಿತು, ಮೂಲ ಮಾನಕದ ಮಾಹಿತಿ ರಚನೆಯನ್ನು ಬಹುಮಟ್ಟಿಗೆ ಉಳಿಸಿಕೊಂಡೇ. ನಿಮ್ಮ ಡೇಟಾಬೇಸ್‌ನ ಯಾವ ಒಂದು ಗುಣ ಈಗಿನ ಯಾವ ಒಂದು ನೋವನ್ನು ಕಳೆಯುತ್ತದೆ ಎಂಬುದನ್ನು ಆರಿಸಿಕೊಂಡು, ಅದಕ್ಕಾಗಿ ಮಾತ್ರ ಬಳಸಲು ಬರುವಂತೆ ಮೊದಲ ಆವೃತ್ತಿಯನ್ನು ರೂಪಿಸಿ. ಜನರು ಆಗಲೇ ಬಲ್ಲ ಡೇಟಾಬೇಸ್ ಭಾಷೆಯಾದ ಎಸ್‌ಕ್ಯೂಎಲ್‌ನಲ್ಲಿ ಪ್ರಶ್ನೆ ಕೇಳಲು ಸಾಧ್ಯವಿದ್ದರೆ ಅದನ್ನು ಬಿಟ್ಟುಕೊಡಬೇಡಿ. ಹೊಸ ಪ್ರಶ್ನಾ ಭಾಷೆ ಎಷ್ಟೇ ಸುಂದರವಾಗಿದ್ದರೂ ಅದು ಎರಡನೆಯ ಹೊರೆ. ಇರುವ ಡೇಟಾಬೇಸ್‌ನ ಪಕ್ಕದಲ್ಲಿ, ಅದರ ಒಂದು ಕೋಷ್ಟಕಕ್ಕೆ ಮಾತ್ರ ನಿಮ್ಮದನ್ನು ಜೋಡಿಸಿ ನೋಡುವ ವ್ಯವಸ್ಥೆ ಇರಲಿ. ದತ್ತಾಂಶವನ್ನು ಒಳಗೆ ತರುವ ಸಲಕರಣೆಯಷ್ಟೇ ಕಾಳಜಿಯಿಂದ ಹೊರಗೆ ಒಯ್ಯುವ ಸಲಕರಣೆಯನ್ನೂ ಬರೆಯಿರಿ. ಮರಳಿ ಹೋಗಲು ದಾರಿಯಿದೆ ಎಂದು ಖಚಿತವಾಗುವವರೆಗೆ ಜವಾಬ್ದಾರಿಯುಳ್ಳ ಯಾವ ತಂಡವೂ ತನ್ನ ದತ್ತಾಂಶವನ್ನು ಹೊಸಬರ ಕೈಗೆ ಒಪ್ಪಿಸುವುದಿಲ್ಲ, ಒಪ್ಪಿಸಲೂಬಾರದು.

ಕೊನೆಯದಾಗಿ, ನಿಮ್ಮ ಯೋಜನೆಯ ಪರಿಚಯವಿಲ್ಲದ ಒಬ್ಬ ಪ್ರೋಗ್ರಾಮರ್‌ಗೆ ನಿಮ್ಮ ಕೈಪಿಡಿಯನ್ನು ಮಾತ್ರ ಕೊಟ್ಟು, ಪಕ್ಕದಲ್ಲಿ ಮಾತಾಡದೆ ಕುಳಿತು ನೋಡಿ. ಅವರು ಎಲ್ಲಿ ನಿಂತರು, ಯಾವ ಸಾಲನ್ನು ಎರಡು ಬಾರಿ ಓದಿದರು, ಯಾವ ದೋಷ ಸಂದೇಶ ಕಂಡಾಗ ಕೈಚೆಲ್ಲಿದರು ಎಂಬುದನ್ನು ಬರೆದುಕೊಳ್ಳಿ. ಮುಂದಿನ ಆವೃತ್ತಿಯ ಕೆಲಸಗಳ ಪಟ್ಟಿಯಲ್ಲಿ ಹೊಸ ಸೌಲಭ್ಯಗಳಿಗಿಂತ ಮೊದಲು ಅವುಗಳಿಗೆ ಜಾಗ ಕೊಡಿ.